ಕರೆಂಟಿಗೆ ಹೊತ್ತು ನೋಡಿ ಬೆಲೆ: ವಿದ್ಯುತ್ ಬೇಡಿಕೆ ನಿರ್ವಹಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಡಿಕೆ ನಿರ್ವಹಣೆ ಅಂದರೆ ಲೋಡ್ ಶೆಡ್ಡಿಂಗಿಗೆ ಇಟ್ಟ ಮರ್ಯಾದೆಯ ಹೆಸರೇ?

ಅಲ್ಲ. ಆದರೆ ಆ ಅನುಮಾನ ಬರುವುದು ಸಹಜ. ಕೊಡಲು ಕರೆಂಟಿಲ್ಲ, ನಿಮ್ಮ ಕಡೆಗೆ ಬರುವ ಲೈನನ್ನು, ಅಂದರೆ ಫೀಡರ್ ಅನ್ನು, ಆಫ್ ಮಾಡಿದ್ದೇವೆ, ಮುಗಿಯಿತು ಅನ್ನುವುದು ಲೋಡ್ ಶೆಡ್ಡಿಂಗ್. ಬೇಡಿಕೆ ನಿರ್ವಹಣೆಯಲ್ಲಿ ಲೈನ್ ಇರುತ್ತದೆ. ನೀವು ಬಳಸುವ ಹೊತ್ತೋ ಪ್ರಮಾಣವೋ ಉಪಕರಣವೋ ಬದಲಾಗುವ ಹಾಗೆ ಎಸ್ಕಾಂ (ವಿದ್ಯುತ್ ಹಂಚುವ ಕಂಪನಿ) ಏನಾದರೂ ಮಾಡುತ್ತದೆ. ಒಂದು ಹೊತ್ತಿನಲ್ಲಿ ದರ ಇಳಿಸುತ್ತದೆ, ಇನ್ನೊಂದು ಹೊತ್ತಿನಲ್ಲಿ ಏರಿಸುತ್ತದೆ, ಒಳ್ಳೆಯ ಬಲ್ಬನ್ನು ಅಗ್ಗಕ್ಕೆ ಕೊಡುತ್ತದೆ, ಪಂಪ್‌ಸೆಟ್ಟಿಗೆ ಇಂಥ ಹೊತ್ತಿಗೇ ತ್ರೀ ಫೇಸ್ ಬಿಡುತ್ತದೆ. 1973ರ ತೈಲ ಬಿಕ್ಕಟ್ಟು ಅಮೆರಿಕದ ವಿದ್ಯುತ್ ಕಂಪನಿಗಳಿಗೆ ಕಲಿಸಿದ ಪಾಠ ಇದು. 1980ರ ದಶಕದಲ್ಲಿ ಅಲ್ಲಿನ ಕ್ಲಾರ್ಕ್ ಗೆಲ್ಲಿಂಗ್ಸ್ ಎಂಬ ತಜ್ಞರು ಇದಕ್ಕೆ 'ಡಿಮ್ಯಾಂಡ್ ಸೈಡ್ ಮ್ಯಾನೇಜ್‌ಮೆಂಟ್' ಎಂದು ಹೆಸರಿಟ್ಟರು. ಚುಟುಕಾಗಿ ಡಿಎಸ್‌ಎಂ.

ನಮ್ಮ ವಿದ್ಯುತ್ ಕಚೇರಿಗಳಲ್ಲಿ ಡಿಎಸ್‌ಎಂ ಎಂಬ ಮೂರಕ್ಷರಕ್ಕೆ ಇನ್ನೊಂದು ಅರ್ಥವೂ ಇದೆ. ಮೊದಲೇ ಹೇಳಿದ ಪ್ರಮಾಣಕ್ಕಿಂತ ಹೆಚ್ಚೋ ಕಡಿಮೆಯೋ ಎಳೆದರೆ ಗ್ರಿಡ್‌ಗೆ ಕಟ್ಟಬೇಕಾದ ಲೆಕ್ಕವೂ ಡಿಎಸ್‌ಎಂ. ಇಬ್ಬರು ಅಧಿಕಾರಿಗಳು ಡಿಎಸ್‌ಎಂ ಬಗ್ಗೆ ಕಾಲು ಗಂಟೆ ಮಾತಾಡಿ, ಕೊನೆಗೆ ತಾವು ಬೇರೆ ಬೇರೆ ವಿಷಯ ಮಾತಾಡುತ್ತಿದ್ದೆವು ಎಂದು ತಿಳಿದು ನಕ್ಕಿದ್ದನ್ನು ನಾನೇ ಕಂಡಿದ್ದೇನೆ.

ಯೂನಿಟ್ ಅಂದರೆ ಯೂನಿಟ್. ಬೆಳಿಗ್ಗೆಗೊಂದು ಬೆಲೆ, ಮಧ್ಯಾಹ್ನಕ್ಕೊಂದು ಬೆಲೆ ಹೇಗಾಗುತ್ತದೆ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಮಲ್ಲಿಗೆ ಬೆಲೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂವು ಅದೇ, ಅಳೆಯುವ ಮೊಳವೂ ಅದೇ. ಆದರೆ ಹೂವನ್ನು ಒಂದು ದಿನ ಮೊದಲೇ ಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಡಬಹುದು. ಕರೆಂಟಿಗೆ ಆ ಅನುಕೂಲವೂ ಇಲ್ಲ. ನೀವು ಸ್ವಿಚ್ ಒತ್ತಿದ ಗಳಿಗೆಯಲ್ಲೇ ಎಲ್ಲೋ ಒಂದು ಟರ್ಬೈನ್ ಅಷ್ಟು ಜಾಸ್ತಿ ದುಡಿಯಬೇಕು. ಇಲ್ಲದಿದ್ದರೆ 50 ಹರ್ಟ್ಸ್‌ನಲ್ಲಿ ನಿಲ್ಲಬೇಕಾದ ಗ್ರಿಡ್ ಆವರ್ತನ ಕುಸಿಯುತ್ತದೆ.

ಹಾಗಾಗಿ ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರ ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದು ತುಂಡಿಗೂ ಯಾವ ಸ್ಥಾವರ ಎಷ್ಟು ಕೊಡಬೇಕು ಎಂದು ಗೊತ್ತುಮಾಡುತ್ತದೆ. ಅಗ್ಗದ್ದಕ್ಕೆ ಮೊದಲ ಮಣೆ, ದುಬಾರಿಯದ್ದು ಆಮೇಲೆ. ಅದೂ ಸಾಲದಿದ್ದರೆ ವಿದ್ಯುತ್ ವಿನಿಮಯ ಕೇಂದ್ರದಿಂದ ಖರೀದಿ. ಅಲ್ಲಿನ ದರ ವಿಪರೀತ ಏರಿದ್ದರಿಂದ 2022ರ ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್‌ಗೆ 12 ರೂಪಾಯಿ ಮಿತಿ ಹಾಕಿತು, ಮರು ವರ್ಷ ಅದನ್ನು 10ಕ್ಕೆ ಇಳಿಸಿತು. ಕೊರತೆಯ ಸಂಜೆಗಳಲ್ಲಿ ದರ ಆ 10 ರೂಪಾಯಿಗೇ ಹೋಗಿ ತಲೆ ತಾಗಿಸಿ ನಿಲ್ಲುವುದುಂಟು. ಅದೇ ದಿನದ ಮಟಮಟ ಮಧ್ಯಾಹ್ನ, ಸೌರ ವಿದ್ಯುತ್ ತುಂಬಿ ಹರಿಯುವಾಗ, ಎರಡು ಮೂರು ರೂಪಾಯಿಗೂ ಸಿಗಬಹುದು.

ನಾನು ಬೆಳಿಗ್ಗೆ ಏಳಕ್ಕೆ ಗೀಸರ್ ಹಾಕಿದರೆ ಅವರಿಗೇನು ಕಷ್ಟ? ದುಡ್ಡು ಕೊಡುತ್ತೇನಲ್ಲ?

ನೀವೊಬ್ಬರೇ ಹಾಕಿದರೆ ಏನೂ ಇಲ್ಲ. ಮನೆಯ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್. 10 ಲಕ್ಷ ಮನೆಗಳು ಒಂದೇ ಗಳಿಗೆಯಲ್ಲಿ ಹಾಕಿದರೆ 2,000 ಮೆಗಾವ್ಯಾಟ್. ಶರಾವತಿಯ ಹತ್ತೂ ಘಟಕ ಒಟ್ಟಿಗೆ ತಿರುಗಿದರೂ ಬರುವುದು 1,035 ಮೆಗಾವ್ಯಾಟ್. ಅಂದರೆ ಇನ್ನೂ ಬಿಸಿಲು ಏರದ ಹೊತ್ತಿನಲ್ಲಿ, ಬರೀ ಸ್ನಾನದ ನೀರಿಗೆ, ಎರಡು ಶರಾವತಿ!

ಎಲ್ಲರೂ ಒಂದೇ ನಿಮಿಷಕ್ಕೆ ಹಾಕುವುದಿಲ್ಲ ನಿಜ. ವಿದ್ಯುತ್ ವ್ಯವಸ್ಥೆ ಬದುಕಿರುವುದೇ ಆ ಪುಣ್ಯದಿಂದ. ಬೇಡಿಕೆ ನಿರ್ವಹಣೆ ಮಾಡುವುದೂ ಅಷ್ಟೇ: ತಾನಾಗಿ ಚದುರಿರುವುದನ್ನು ಬೇಕೆಂದೇ ಇನ್ನಷ್ಟು ಚದುರಿಸುವುದು.

ಒಂದು ಲೆಕ್ಕ ಮಾಡಿ ನೋಡಿದೆ. 25 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ಬೇಕಾಗುವುದು ಒಂದು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. 2 ಕಿಲೋವ್ಯಾಟ್ ಗೀಸರಿಗೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಐದಕ್ಕೆ ಕಾಯಿಸಿ ಆರಿಸಿಟ್ಟ ನೀರು ಏಳಕ್ಕೂ ಬಿಸಿಯೇ ಇರುತ್ತದೆ. ನಿಮಗೆ ಉಳಿಯುವ ಯೂನಿಟ್ ಏನೂ ಇಲ್ಲ, ಆದರೆ ಎಸ್ಕಾಂ ಆ ಯೂನಿಟ್ಟನ್ನು ತಂದುಕೊಡುವ ಹೊತ್ತು ಬದಲಾಯಿತು. ಇಡೀ ವಿಷಯದ ತಿರುಳು ಇರುವುದು ಈ ಸಣ್ಣ ವ್ಯತ್ಯಾಸದಲ್ಲಿ.

ಸಾಲದಿದ್ದರೆ ಇನ್ನೊಂದು ಸ್ಥಾವರ ಕಟ್ಟಲಿ. ಜನರ ಮೇಲೆ ಯಾಕೆ ಹೊರೆ?

ಕಟ್ಟಬಹುದು. ಕಟ್ಟಿದವರಿಗೆ ದುಡ್ಡು ಕೊಡುವವರು ಯಾರು? ವರ್ಷಕ್ಕೆ 8,760 ಗಂಟೆ. ಅದರಲ್ಲಿ ಬೇಡಿಕೆ ತುದಿಗೇರುವುದು ಕೆಲವು ನೂರು ಗಂಟೆ ಮಾತ್ರ. ಆ ಗಂಟೆಗಳಿಗೆಂದು ಕಟ್ಟಿದ ಸ್ಥಾವರ ಉಳಿದ ದಿನ ಸುಮ್ಮನೆ ನಿಂತರೂ ಒಪ್ಪಂದದಂತೆ ಅದರ ಸ್ಥಿರ ಶುಲ್ಕ ಕಟ್ಟಲೇಬೇಕು. ವರ್ಷಕ್ಕೊಂದು ಮದುವೆಗೆ ಬರುವ ನೆಂಟರಿಗೆಂದು ಹತ್ತು ಕೋಣೆ ಕಟ್ಟಿಸಿಕೊಂಡ ಹಾಗೆ.

ದುಡ್ಡಿನ ಮಾತು ಬಿಟ್ಟರೂ ಜಾಗದ ಮಾತಿದೆ. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿಕೊಂಡಿದ್ದಾರೆ. ಅಗ್ಗದ ಹೊತ್ತಿನಲ್ಲಿ ನೀರು ಮೇಲೆತ್ತಿ, ದುಬಾರಿ ಹೊತ್ತಿನಲ್ಲಿ ಬಿಡುವ ಉಪಾಯ. ಎಂಜಿನಿಯರಿಂಗ್ ದೃಷ್ಟಿಯಿಂದ ಚೆನ್ನಾಗಿದೆ. ಆದರೆ ಅದು ಸಿಂಗಳೀಕಗಳ ಕಾಡು. ಅಲ್ಲಿಗೆ ಕೈಹಾಕುವ ಮುಂಚೆ ಬೇಡಿಕೆ ಬದಿಯಲ್ಲಿ ಎಷ್ಟು ಮೆಗಾವ್ಯಾಟ್ ಸಿಗುತ್ತದೆ ಎಂದು ಪೂರ್ತಿ ಹಿಂಡಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನೂ ನೋಡಿಲ್ಲ.

ಹಳ್ಳಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುತ್ತಾರಲ್ಲ, ಅದೂ ಬೇಡಿಕೆ ನಿರ್ವಹಣೆಯೇ?

ಅದೇ ನಮ್ಮ ರಾಜ್ಯದ ಅತಿ ದೊಡ್ಡ ಬೇಡಿಕೆ ನಿರ್ವಹಣೆ. ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ, ಅಷ್ಟೆ.

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಐಪಿ (ನೀರಾವರಿ ಪಂಪ್) ಸೆಟ್‌ಗಳಿವೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬೋರ್‌ವೆಲ್ಲಿಗೇ ಹೋಗುತ್ತದೆ. 10 ಎಚ್‌ಪಿವರೆಗಿನ ಪಂಪಿಗೆ ರೈತರು ಬಿಲ್ ಕಟ್ಟಬೇಕಿಲ್ಲ, ಸರ್ಕಾರ ಸಬ್ಸಿಡಿ ತುಂಬುತ್ತದೆ. ದರವೇ ಇಲ್ಲದ ಕಡೆ ದರದಿಂದ ಯಾರನ್ನೂ ಮಣಿಸಲಾಗದು. ಉಳಿದದ್ದು ಗಡಿಯಾರ ಒಂದೇ. ಹಾಗಾಗಿ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲೇ ಪಾಳಿ: ಈ ಫೀಡರಿಗೆ ಈ ಹೊತ್ತು, ಆ ಫೀಡರಿಗೆ ಆ ಹೊತ್ತು.

ಮೊದಲು ಮನೆಗೂ ಪಂಪಿಗೂ ಒಂದೇ ಲೈನ್. ತ್ರೀ ಫೇಸ್ ತೆಗೆದು ಸಿಂಗಲ್ ಫೇಸ್ ಬಿಟ್ಟರೆ ಮನೆಗೆ ದೀಪ ಉರಿಯುತ್ತದೆ, ಪಂಪ್ ನಿಲ್ಲುತ್ತದೆ ಎಂಬ ಲೆಕ್ಕ. ರೈತರು ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೂ ಮೋಟರ್ ಓಡಿಸಿದರು. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು, ಮೋಟರೂ ಸುಟ್ಟಿತು, ಮನೆಯ ಬಲ್ಬು ಮಿಣುಕಿತು. ಆಮೇಲೆ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಎಂದು ಮಾಡತೊಡಗಿದರು.

ತಿಪಟೂರಿನ ಕಡೆ ನಮ್ಮ ಭಾವನ ತೋಟವಿದೆ. ಬೇಸಿಗೆಯಲ್ಲಿ ಒಂದು ದಿನ ಕರೆಂಟ್ ಬರುವ ಹೊತ್ತಿಗೆ ಪಂಪ್ ಮನೆಯಲ್ಲೇ ನಿಂತಿದ್ದೆ. ಲೈನ್ ಬಂದದ್ದು ಗೊತ್ತಾದದ್ದು ಸದ್ದಿನಿಂದ. ನಮ್ಮ ಆಟೋ ಸ್ಟಾರ್ಟರ್ 'ಟಕ್' ಎಂದಿತು, ಬೇಲಿಯಾಚೆ ಪಕ್ಕದವರದ್ದು 'ಟಕ್', ಅದರಾಚೆ ಇನ್ನೊಂದು. ಒಂದೇ ಟಿಸಿ ಮೇಲಿನ ಎಲ್ಲ ಮೋಟರುಗಳೂ ಒಂದೇ ಉಸಿರಿಗೆ ಎದ್ದವು. ಡಬ್ಬದ ಮೇಲಿನ ವೋಲ್ಟ್ ಮೀಟರಿನ ಮುಳ್ಳು 400ರ ಹತ್ತಿರ ಇದ್ದದ್ದು ಸರ್ರನೆ 320ಕ್ಕೆ ಬಿತ್ತು. ಮೋಟರ್ ಗೊರಗೊರ ಅಂದಿತು. 'ಸ್ವಲ್ಪ ತಡೆದು ಹಾಕಿದರೆ ಆಗುವುದಿಲ್ಲವೇ ಭಾವ?' ಅಂದೆ. 'ನಾನು ತಡೆದರೆ ಅವನು ತಡೀತಾನಾ? ಇರೋದು ಏಳು ಗಂಟೆ' ಅಂದರು. ತಪ್ಪು ಹೇಳಲಿಲ್ಲ. ಒಬ್ಬೊಬ್ಬರಿಗೂ ಸರಿಯಾದದ್ದು ಎಲ್ಲರಿಗೂ ಸೇರಿ ತಪ್ಪಾಗುತ್ತದೆ. ಅದನ್ನು ಬಿಡಿಸಬೇಕಾದವರು ಪಾಳಿ ಹಾಕುವವರೇ.

ಕೆಲ ವರ್ಷಗಳಿಂದ ಒಂದು ದೊಡ್ಡ ಬದಲಾವಣೆಯಾಗಿದೆ. ಪಾವಗಡದ 2,050 ಮೆಗಾವ್ಯಾಟ್ ಸೇರಿ ಸೌರ ವಿದ್ಯುತ್ ಹೆಚ್ಚಿದ ಮೇಲೆ ಪಂಪ್‌ಸೆಟ್ ಪಾಳಿ ರಾತ್ರಿಯಿಂದ ಹಗಲಿಗೆ ಸರಿಯಿತು. ರಾತ್ರಿ ಹಾವು ತುಳಿಯುವ ಭಯದಲ್ಲಿ ಟಾರ್ಚ್ ಹಿಡಿದು ನೀರು ಕಟ್ಟುವುದು ಎಷ್ಟೋ ಕಡೆ ತಪ್ಪಿತು. ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ ತುದಿಗೇರುವುದೂ ಈಗ ಹಗಲಿನಲ್ಲೇ. 2024ರ ಬೇಸಿಗೆಯಲ್ಲಿ ಅದು 17,000 ಮೆಗಾವ್ಯಾಟ್ ದಾಟಿತು. ವಿಚಿತ್ರ ಅನ್ನಿಸಬಹುದು, ಆದರೆ ಬೇಡಿಕೆ ಅತಿ ಹೆಚ್ಚಿರುವ ಹೊತ್ತೇ ಅತಿ ದುಬಾರಿ ಹೊತ್ತಲ್ಲ. ಬಿಸಿಲಿರುವಾಗ ಎಷ್ಟು ಎಳೆದರೂ ತಡೆದುಕೊಳ್ಳಬಹುದು. ಸಂಜೆ ಸೂರ್ಯ ಇಳಿದು, ಮನೆಮನೆಯಲ್ಲಿ ದೀಪ, ಟಿವಿ, ಎಸಿ ಹತ್ತಿದಾಗ ನಿಜವಾದ ಫಜೀತಿ.

ಕಾರ್ಖಾನೆಗಳಿಗೆ ಏನು ಮಾಡುತ್ತಾರೆ?

ಅವರೊಂದಿಗೆ ವ್ಯವಹಾರ ಸುಲಭ, ಯಾಕೆಂದರೆ ಅವರು ಬಿಲ್ಲನ್ನು ಪೂರ್ತಿ ಓದುತ್ತಾರೆ. ಎಚ್‌ಟಿ (ಹೈ ಟೆನ್ಷನ್ ಲೈನಿನ) ಗ್ರಾಹಕರು ಯೂನಿಟ್‌ಗಷ್ಟೇ ಅಲ್ಲ, ತಿಂಗಳಲ್ಲಿ ಯಾವುದಾದರೂ ಒಂದು ಹೊತ್ತಿನಲ್ಲಿ ಎಳೆದ ಗರಿಷ್ಠ ಲೋಡಿಗೂ (ಕೆವಿಎ ಲೆಕ್ಕದಲ್ಲಿ) ದುಡ್ಡು ಕಟ್ಟುತ್ತಾರೆ. ಒಪ್ಪಂದ ಮೀರಿ ಎಳೆದರೆ ಮೀರಿದ್ದಕ್ಕೆ ಎರಡು ಪಟ್ಟು. ಹಾಗಾಗಿ ಶಿಫ್ಟ್ ಶುರುವಾಗುವಾಗ ಎಲ್ಲ ಯಂತ್ರ ಒಮ್ಮೆಲೇ ಹಾಕಬೇಡಿ ಎಂದು ಎಲೆಕ್ಟ್ರಿಷಿಯನ್ ಕೂಗಾಡುವುದು.

ಜೊತೆಗೆ ಹೊತ್ತಿನ ದರ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯೂನಿಟ್‌ಗೆ ಸುಮಾರು ಒಂದು ರೂಪಾಯಿ ಕಡಿಮೆ, ಸಂಜೆ 6ರಿಂದ 10ರವರೆಗೆ ಒಂದು ರೂಪಾಯಿ ಹೆಚ್ಚು ಎಂಬ ಪದ್ಧತಿ ನಮ್ಮಲ್ಲಿ ಬಹಳ ವರ್ಷ ನಡೆಯಿತು. ಕಲ್ಲಿದ್ದಲು ಸ್ಥಾವರಗಳು ರಾತ್ರಿ ಪೂರಾ ಸುಮ್ಮನೆ ಉರಿಯುತ್ತಿದ್ದ ಕಾಲಕ್ಕೆ ಅದು ಸರಿ. ಅಗ್ಗದ ಹೊತ್ತು ಮಧ್ಯಾಹ್ನಕ್ಕೆ ಬಂದ ಮೇಲೆ ರಾತ್ರಿ ಪಾಳಿಗೆ ಬಹುಮಾನ ಕೊಡುವುದಕ್ಕೆ ಅರ್ಥ ಕಡಿಮೆ.

ಮನೆಗಳಿಗೂ ಹೊತ್ತಿನ ದರ ಬರುತ್ತದೆಯೇ?

ಕೇಂದ್ರ ಸರ್ಕಾರ 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ ದಾರಿ ಹಾಕಿಟ್ಟಿದೆ. ದಿನಕ್ಕೆ ಎಂಟು ಗಂಟೆಯ 'ಸೌರ ಹೊತ್ತಿ'ನಲ್ಲಿ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಬೇಡಿಕೆ ಏರುವ ಹೊತ್ತಿನಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಗೆ ಕನಿಷ್ಠ 1.2 ಪಟ್ಟು, ಉಳಿದವರಿಗೆ 1.1 ಪಟ್ಟು. 10 ಕಿಲೋವ್ಯಾಟ್ ಮೀರಿದ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ ಗಡುವು, ಕೃಷಿ ಬಿಟ್ಟು ಮಿಕ್ಕವರಿಗೆ 2025ರ ಏಪ್ರಿಲ್. ನಿಯಮದಲ್ಲಿದ್ದ ಮಾತ್ರಕ್ಕೆ ಬಿಲ್ಲಿಗೆ ಬಂದುಬಿಡುವುದಿಲ್ಲ. ಹೊತ್ತು ಬರೆದಿಡುವ ಸ್ಮಾರ್ಟ್ ಮೀಟರ್ ಬೇಕು, ರಾಜ್ಯ ಆಯೋಗದ ಆದೇಶ ಬೇಕು.

ನನ್ನ ತಕರಾರು ಒಂದೇ. ಅಗ್ಗದ ಹೊತ್ತಿನಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಮಧ್ಯಾಹ್ನ ಮನೆಯಲ್ಲಿ ಇರುವ ಅಜ್ಜಿಗೆ ವಾಷಿಂಗ್ ಮಷಿನ್ ಹಾಕಲು ಬಾರದಿದ್ದರೆ ಆ ಮನೆಗೆ ರಿಯಾಯಿತಿ ಸಿಗದು, ಸಂಜೆಯ ಹೆಚ್ಚುವರಿ ಮಾತ್ರ ಸಿಗುತ್ತದೆ. ದರ ಬದಲಿಸುವ ಮೊದಲು ಟೈಮರ್ ಇರುವ ಉಪಕರಣಗಳು ಮನೆ ಸೇರಬೇಕು.

ಗೃಹಜ್ಯೋತಿ ಬಂದ ಮೇಲೆ ಉಳಿತಾಯದ ಮಾತು ಯಾರಿಗೆ ಬೇಕು?

ಬಿಲ್ ಸೊನ್ನೆ ಇರುವ ಮನೆಗೆ ಹೊತ್ತಿನ ದರ ನಾಟುವುದಿಲ್ಲ, ನಿಜ. ಆದರೆ 2023ರಲ್ಲಿ ಯೋಜನೆ ತಂದಾಗ 200 ಯೂನಿಟ್ ಎಲ್ಲರಿಗೂ ಎಂದು ಕೊಡಲಿಲ್ಲ. ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟೇ ಉಚಿತ. ದಾಟಿದರೆ ದಾಟಿದಷ್ಟಕ್ಕೆ ಬಿಲ್, 200 ದಾಟಿದರೆ ಪೂರ್ತಿ ಬಿಲ್. ತಿಂಗಳ ಕೊನೆ ವಾರ ಮೀಟರ್ ನೋಡಿ ಮಿಕ್ಸಿ ಹಾಕುವ ಮನೆಗಳು ನನಗೆ ಗೊತ್ತು. ರಾಜಕೀಯದ ಗದ್ದಲದಲ್ಲಿ ಈ ಶೇ. 10ರ ಲಗಾಮನ್ನು ಗಮನಿಸಿದವರು ಕಡಿಮೆ.

ಮನೆಗಳ ಸ್ಲ್ಯಾಬ್ ಪದ್ಧತಿಯನ್ನು 2024ರ ಏಪ್ರಿಲ್‌ನಿಂದ ತೆಗೆದು ಯೂನಿಟ್‌ಗೆ 5 ರೂಪಾಯಿ 90 ಪೈಸೆಯ ಒಂದೇ ದರ ಮಾಡಿದರು. ಬಿಲ್ ಓದಲು ಸಲೀಸಾಯಿತು. ಆದರೆ 'ಹೆಚ್ಚು ಸುಟ್ಟರೆ ಹೆಚ್ಚು ದರ' ಎಂಬ ಹಳೆಯ ಹೆದರಿಕೆಯೂ ಅದರ ಜೊತೆಗೇ ಹೋಯಿತು.

ಹೆಚ್ಚು ಮಾರಿದರೆ ಕಂಪನಿಗೇ ಲಾಭವಲ್ಲವೇ? ಕಡಿಮೆ ಬಳಸಿ ಎನ್ನುವುದೇ ನಂಬಲಾಗದ ಮಾತು.

10 ರೂಪಾಯಿಗೆ ಕೊಂಡು, ದಾರಿಯಲ್ಲಿ ಸ್ವಲ್ಪ ಸೋರಿ, 6 ರೂಪಾಯಿಗೂ ಕಡಿಮೆಗೆ ಮಾರುವ ಅಂಗಡಿಯವನಿಗೆ ಗಿರಾಕಿ ಹೆಚ್ಚಿದಷ್ಟೂ ನಷ್ಟ. ಅದೇ ಎಸ್ಕಾಂಗೆ ಮಧ್ಯಾಹ್ನ ನೀವು ಎಷ್ಟು ಹೆಚ್ಚು ಬಳಸಿದರೂ ಸಂತೋಷ. 'ಕಡಿಮೆ ಬಳಸಿ' ಎಂಬ ಬೋರ್ಡಿನ ನಿಜವಾದ ಅರ್ಥ 'ಸಂಜೆಯ ಆ ನಾಲ್ಕು ಗಂಟೆ ಕಡಿಮೆ ಬಳಸಿ' ಎಂದು.

ಆ ನಷ್ಟ ಕಂಪನಿಯಲ್ಲೇ ಉಳಿಯುವುದೂ ಇಲ್ಲ. ಎಸ್ಕಾಂಗಳ ಖರ್ಚಿನಲ್ಲಿ ಬಹುಪಾಲು ವಿದ್ಯುತ್ ಖರೀದಿಯದ್ದೇ. ಅದು ಅಂದಾಜು ಮೀರಿದರೆ ಇಂಧನ ಮತ್ತು ವಿದ್ಯುತ್ ಖರೀದಿ ಹೊಂದಾಣಿಕೆ ಎಂಬ ಹೆಸರಿನಲ್ಲಿ ಯೂನಿಟ್‌ಗೆ ಇಷ್ಟು ಪೈಸೆ ಎಂದು ನಿಮ್ಮ ಬಿಲ್ಲಿಗೇ ಬಂದು ಕೂರುತ್ತದೆ. ಪಕ್ಕದ ಬೀದಿಯವರ ಸಂಜೆಯ ಎಸಿಗೆ ನೀವೂ ವಂತಿಗೆ ಕೊಡುತ್ತಿದ್ದೀರಿ.

ಬಲ್ಬು, ಸೋಲಾರ್ ಹೀಟರ್ ಇವುಗಳಿಂದ ಏನಾದರೂ ಆಯಿತೇ?

ಆಯಿತು. 60 ವ್ಯಾಟಿನ ಬುರುಡೆ ಬಲ್ಬಿನ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಬಂದರೆ 51 ವ್ಯಾಟ್ ಉಳಿಯಿತು. ಒಂದು ಕೋಟಿ ಬಲ್ಬು ಸಂಜೆ ಏಳಕ್ಕೆ ಉರಿಯುತ್ತಿದ್ದರೆ ಉಳಿತಾಯ 510 ಮೆಗಾವ್ಯಾಟ್. ವಾರಾಹಿ ಭೂಗರ್ಭ ವಿದ್ಯುದಾಗಾರದ 460ಕ್ಕಿಂತ ಹೆಚ್ಚು, ಅದೂ ಸರಿಯಾಗಿ ದುಬಾರಿ ಹೊತ್ತಿನಲ್ಲಿ. 2015ರ ಕೊನೆಗೆ ನಮ್ಮಲ್ಲಿ 'ಹೊಸ ಬೆಳಕು' ಹೆಸರಿನಲ್ಲಿ ಈ ಬಲ್ಬುಗಳನ್ನು ಅಗ್ಗಕ್ಕೆ ಹಂಚಿದರು. ಅದಕ್ಕೂ ಹತ್ತು ವರ್ಷ ಮುಂಚೆಯೇ ಬೆಸ್ಕಾಂ ಸಿಎಫ್‌ಎಲ್ ಬಲ್ಬು ಕೊಟ್ಟು ಬಿಲ್ಲಿನಲ್ಲಿ ಕಂತು ಹಿಡಿಯುವ ಪ್ರಯೋಗ ಮಾಡಿತ್ತು.

ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ವಾಟರ್ ಹೀಟರುಗಳೂ ಹೀಗೆಯೇ. ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದ ಹಾಗೆ ಬಹುಕಾಲ ರಿಯಾಯಿತಿ ಇತ್ತು. ಆ 50 ರೂಪಾಯಿ ಆಸೆಗೆ ಯಾರೂ ಹಾಕಿಸಲಿಲ್ಲ. ಹಾಕಿಸದಿದ್ದರೆ ಹೊಸ ಮನೆಗೆ ಕರೆಂಟ್ ಸಂಪರ್ಕ ಸಿಗದು ಎಂಬ ನಿಯಮ ಕೆಲಸ ಮಾಡಿತು.

ಎಲ್ಲರೂ ಒಟ್ಟಿಗೆ ಆಫ್ ಮಾಡಿಬಿಟ್ಟರೆ?

ಒಮ್ಮೆ ಮಾಡಿ ನೋಡಿದ್ದೇವೆ. 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ಒಂಬತ್ತು ನಿಮಿಷ ದೀಪ ಆರಿಸಿದಾಗ ದೇಶದ ಬೇಡಿಕೆ ಕೆಲವೇ ನಿಮಿಷಗಳಲ್ಲಿ 31,000 ಮೆಗಾವ್ಯಾಟ್‌ನಷ್ಟು ಇಳಿದು ಮತ್ತೆ ಏರಿತು. ಕಲ್ಲಿದ್ದಲು ಸ್ಥಾವರ ಅಷ್ಟು ಚುರುಕಾಗಿ ಇಳಿಯಲಾರದು. ಜಲವಿದ್ಯುತ್ತನ್ನು ಮೊದಲೇ ಏರಿಸಿಟ್ಟುಕೊಂಡು, ಆ ಹೊತ್ತಿಗೆ ಸರಕ್ಕನೆ ಇಳಿಸಿ ಗ್ರಿಡ್ ಉಳಿಸಿಕೊಂಡರು. ಬೇಡಿಕೆ ಇಳಿಯುವುದೂ ಹೇಳಿ ಕೇಳಿ ಇಳಿಯಬೇಕು.

ಬೇರೆ ದೇಶಗಳಲ್ಲಿ ಹೇಗೆ?

ಫ್ರಾನ್ಸ್‌ನ 'ಟೆಂಪೊ' ಎಂಬ ದರ ನನಗೆ ಇಷ್ಟ. ವರ್ಷದಲ್ಲಿ 300 ದಿನ ನೀಲಿ, 43 ದಿನ ಬಿಳಿ, 22 ದಿನ ಕೆಂಪು. ನಾಳೆ ಯಾವ ಬಣ್ಣ ಎಂದು ಹಿಂದಿನ ದಿನವೇ ತಿಳಿಸುತ್ತಾರೆ. ಕೆಂಪು ದಿನ, ಅಂದರೆ ಕೊರೆಯುವ ಚಳಿಯ ದಿನ, ದರ ಹಲವು ಪಟ್ಟು. ಉಳಿದ ದಿನ ಅಗ್ಗ. ಇಷ್ಟವಿದ್ದವರು ಮಾತ್ರ ಸೇರಬಹುದು.

ತಿರುಗುಮುರುಗಾಗಿ ಆದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಅಲ್ಲಿನ ಸಗಟು ದರ ಯೂನಿಟ್‌ಗೆ 9 ಡಾಲರ್ ಮಿತಿಗೆ ಹೋಗಿ ದಿನಗಟ್ಟಲೆ ಅಲ್ಲೇ ನಿಂತಿತು. ಸಗಟು ದರವನ್ನೇ ನೇರವಾಗಿ ಮನೆಗೆ ದಾಟಿಸುವ ಯೋಜನೆಗೆ ಸೇರಿದ್ದವರಿಗೆ ಸಾವಿರಾರು ಡಾಲರ್ ಬಿಲ್ ಬಂತು. ಹೊತ್ತಿನ ದರ ಅಂದರೆ ಅದಲ್ಲ. ಗ್ರಾಹಕರಿಗೆ ಮುನ್ಸೂಚನೆಯೂ ಬೇಕು, ಮೇಲೊಂದು ಮುಚ್ಚಳವೂ ಬೇಕು.

ಬರ ಬಂದಾಗ ಇವೆಲ್ಲ ಉಳಿಯುತ್ತವೆಯೇ?

2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯಗಳು ತುಂಬಲಿಲ್ಲ, ಮಳೆಗಾಲದಲ್ಲಿ ನಿಲ್ಲಬೇಕಿದ್ದ ಪಂಪುಗಳು ನಿಲ್ಲಲಿಲ್ಲ. ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗೆ ಐದೇ ಗಂಟೆ ಎಂದಾಯಿತು, ರೈತರು ಬೀದಿಗಿಳಿದರು, ಮತ್ತೆ ಏಳು ಗಂಟೆಯಾಯಿತು. ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದ ಉತ್ಪಾದಕರು ಹೊರಗೆ ಮಾರದಂತೆ ತಡೆದರು. ಪಂಜಾಬ್, ಉತ್ತರ ಪ್ರದೇಶಗಳಿಂದ ಕೈಬದಲು ವಿದ್ಯುತ್ ತಂದರು. ಅವರ ಭತ್ತದ ಕಾಲ ಜೂನ್‌ನಿಂದ, ನಮ್ಮ ಕಷ್ಟಕಾಲ ಮೇವರೆಗೆ. ಈಗ ಕೊಡಿ, ಮಳೆಗಾಲದಲ್ಲಿ ವಾಪಸ್ ಕೊಡುತ್ತೇವೆ ಎಂಬ ಕರಾರು. ಅಕ್ಕಪಕ್ಕದ ಮನೆಯವರು ಸಕ್ಕರೆ ಬದಲಿಸಿಕೊಂಡ ಹಾಗೆ. ಇದಕ್ಕೆ ದಾರಿಯಾದದ್ದು 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿಗೆ ಕೂಡಿಕೊಂಡ ಮೇಲೆ.

ಸರಿ, ನಮ್ಮ ಮನೆಯಲ್ಲಿ ಏನು ಮಾಡಲಿ?

ಎಸಿ 24ರಲ್ಲಿಡಿ, ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋ ಲೆಕ್ಕ. ಗೀಸರ್ ಮಾತು ಆಗಲೇ ಹೇಳಿದೆ. ಆದರೆ ಬೆಂಗಳೂರಿನಂಥ ಊರಿನಲ್ಲಿ ಎಲ್ಲಕ್ಕಿಂತ ಸುಲಭದ್ದು ಸಂಪಿನ ಮೋಟರ್. ತಾರಸಿ ಮೇಲಿನ ಟ್ಯಾಂಕ್ ನಿಮ್ಮ ಮನೆಯ ಪುಟ್ಟ ಶರಾವತಿ. ನೀರನ್ನು ಯಾವಾಗ ಏರಿಸಿದರೂ ಅದು ಅಲ್ಲೇ ಕೂತಿರುತ್ತದೆ.

ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಮೋಟರ್ ಹಾಕುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ, ಎಲ್ಲರ ಗೀಸರಿನ ಹೊತ್ತಿಗೇ. ಯಾಕೆಂದು ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಬದಲಿಸೋಣ ಎಂದದ್ದಕ್ಕೆ ಎರಡು ಸಭೆ ನಡೆದವು. ನೀರು ಖಾಲಿಯಾದರೆ ಯಾರು ಜವಾಬ್ದಾರಿ ಎಂದು ಒಬ್ಬರು ಬರೆದು ಕೊಡಿ ಅಂದರು. ಕೊನೆಗೆ ವಾಚ್‌ಮನ್ ರಂಗಪ್ಪನವರನ್ನು ಕರೆದು ಕೇಳಿದೆವು. 'ಆರಕ್ಕೆ ಯಾಕೆ ಹಾಕ್ತೀನಿ ಅಂದ್ರೆ ಸಾರ್, ಆಗ ನನ್ನ ಡ್ಯೂಟಿ ಮುಗಿಯುತ್ತೆ, ಹಾಕಿ ಮನೆಗೆ ಹೋಗ್ತೀನಿ' ಅಂದರು. ಈಗ ಟೈಮರ್ ಕೂರಿಸಿದ್ದೇವೆ. ಹನ್ನೆರಡಕ್ಕೆ ತಾನೇ ಆನ್ ಆಗುತ್ತದೆ, ಟ್ಯಾಂಕ್ ತುಂಬಿದರೆ ತಾನೇ ಆಫ್.